ಬನ್ನಿ ಮರ ಬಿಟ್ಟೆ, ಅರಣಿಯಲ್ಲಿ ಬೆಂಕಿ ಬಂತು

ಹೋಮಕ್ಕೆ ಅರಣಿ, ಅಂದರೆ ಒಂದರ ಮೇಲೊಂದು ಇಟ್ಟು ಉಜ್ಜುವ ಎರಡು ಮರದ ತುಂಡು, ಕಡೆದು ಬೆಂಕಿ ತೆಗೆಯುತ್ತೇನೆ ಅಂದಾಗ ನಮ್ಮ ಕಡೆಯ ಪುರೋಹಿತರು ನಕ್ಕಿದ್ದರು. "ಕಡೆದ ಹಾಗೆ ಮಾಡಿ ಕರ್ಪೂರ ಹಚ್ಚು ಮಾರಾಯಾ" ಅಂದವರೇ ಜಾಸ್ತಿ. ಈಗ ಐದಾರು ನಿಮಿಷದಲ್ಲಿ ಕೆಂಡ ಬೀಳುತ್ತದೆ. ನಕ್ಕವರೂ ಬಂದು ನೋಡಿ ಹೋದರು.

ಮೊದಲು ದುಡ್ಡು ಹೋದ ಕಥೆ. ಬನ್ನಿಯ ಮೇಲೆ ಹುಟ್ಟಿದ ಅರಳಿಯದ್ದು ಅಂತ ಒಬ್ಬರು ಒಂದು ಜೊತೆ ಮಾರಿದರು, ಸುಮಾರು 8,000 ರೂಪಾಯಿಗೆ. ಅದು ಎಂಥ ಮರವೋ! ತೋಳು ನೋವು ಬಂತು, ಹೊಗೆ ಬರಲಿಲ್ಲ. ಆಮೇಲೆ ಕೆಳಗೆ ಬನ್ನಿ, ಮೇಲೆ ಅರಳಿ ಇಟ್ಟು ಬಡಗಿಯಿಂದ ಮಾಡಿಸಿದೆ. ಮರ, ಕೂಲಿ ಸೇರಿ ಇನ್ನೊಂದು ಮೂರು ಸಾವಿರ. ಬನ್ನಿ ಬಲು ಗಟ್ಟಿ. ಹೊಗೆಯೇನೋ ಬಂತು, ಪುಡಿ ಉದುರಲಿಲ್ಲ. ಕೆಳಗಿನ ತುಂಡಿನ ಕಡೆಯುವ ಗುಂಡಿ ಮಾತ್ರ ಕನ್ನಡಿಯ ಹಾಗೆ ನುಣುಪಾಯಿತು. ಪುಡಿ ಇಲ್ಲದೆ ಕೆಂಡ ಎಲ್ಲಿಂದ?

ದಾರಿ ಸಿಕ್ಕಿದ್ದು ಯಜ್ಞದ ವಿಧಿ, ಕಥೆ ಹೇಳುವ ವೇದಗ್ರಂಥ ಶತಪಥ ಬ್ರಾಹ್ಮಣದ 11ನೇ ಕಾಂಡದಲ್ಲಿ. ರಾಜ ಪುರೂರವ, ಅಪ್ಸರೆ ಊರ್ವಶಿ ಇವರ ಕಥೆ ಅಲ್ಲಿದೆ. ಗಂಧರ್ವರು ಮಡಕೆಯಲ್ಲಿ ಕೊಟ್ಟ ಬೆಂಕಿಯನ್ನು ಪುರೂರವ ಕಾಡಲ್ಲಿ ಬಿಟ್ಟು ಹೋಗುತ್ತಾನೆ. ತಿರುಗಿ ಬಂದರೆ ಬೆಂಕಿ ಅರಳಿಯಾಗಿದೆ, ಮಡಕೆ ಬನ್ನಿಯಾಗಿದೆ. ನಾವೆಲ್ಲ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಮುಂದೆ ಓದಿ. ಒಂದು ವರ್ಷ ನಾಲ್ವರಿಗಾಗುವಷ್ಟು ಅನ್ನ ಬೇಯಿಸು, ಅರಳಿಯ ಸಮಿತ್ತು ಹಾಕು ಅನ್ನುತ್ತಾರೆ ಗಂಧರ್ವರು. ಆಮೇಲೆ, ಮೇಲೆ ಅರಳಿ ಕೆಳಗೆ ಬನ್ನಿ ಮಾಡು ಅನ್ನುತ್ತಾರೆ. ಕೊನೆಗೆ, ಎರಡೂ ಅರಳಿಯದ್ದೇ ಇರಲಿ, ಹುಟ್ಟುವುದು ಅದೇ ಬೆಂಕಿ ಅನ್ನುತ್ತಾರೆ. ಪುರೂರವ ಮಾಡಿದ್ದೂ ಅದನ್ನೇ. ಬೆಂಕಿ ಅರಳಿಯಲ್ಲಿರುವಾಗ ಮಡಕೆಯನ್ನು ಯಾಕೆ ಕಡೆಯಬೇಕು, ಅಲ್ವಾ? ನನ್ನ ಅರಣಿಯೂ ಎರಡೂ ಅರಳಿಯದ್ದೇ ಆಯಿತು.

ಶತಪಥ ಶುಕ್ಲ ಯಜುರ್ವೇದದ್ದು, ನಾವು ಕೃಷ್ಣ ಯಜುರ್ವೇದದ ತೈತ್ತಿರೀಯ ಶಾಖೆಯವರು ಅಂತ ಆಕ್ಷೇಪ ಬಂತು. ಅಗ್ನಿ ಕುದುರೆಯ ರೂಪ ತಾಳಿ ಒಂದು ವರ್ಷ ಅಡಗಿದ್ದು ಅರಳಿಯಲ್ಲೇ ಅಂತ ನಮ್ಮ ತೈತ್ತಿರೀಯ ಬ್ರಾಹ್ಮಣವೂ ಹೇಳುತ್ತದೆ. ಅದನ್ನು ತೋರಿಸಿದ ಮೇಲೆ ಆಕ್ಷೇಪ ಎತ್ತಿದವರು ಸುಮ್ಮನಾದರು.

ಅರಣಿಯ ಅಳತೆ ಬೆರಳ ಅಗಲದ ಅಂಗುಲದಲ್ಲಿ, ಇಂಚಿನಲ್ಲಲ್ಲ: 24 ಅಂಗುಲ ಉದ್ದ, 6 ಅಗಲ, 4 ದಪ್ಪ. ಬುಡದಿಂದ 8, ತುದಿಯಿಂದ 12 ಬಿಟ್ಟು ನಡುವಿನ 4 ಅಂಗುಲದಲ್ಲಿ ಕಡೆಯಬೇಕು. ಕಷ್ಟ ಇರುವುದು ಮರ ಒಣಗಿಸುವುದರಲ್ಲಿ. ಶಿರಸಿ ಕಡೆಯ ಮಳೆಗೆ ಮೊದಲ ತುಂಡಿಗೆ ಬೂಷ್ಟು ಹಿಡಿಯಿತು. ಇನ್ನೊಂದನ್ನು ಬಿಸಿಲಿಗಿಟ್ಟೆ, ಸೀಳು ಬಿಟ್ಟಿತು. ಈಗಿನದು ಒಲೆಯ ಮೇಲಿನ ಅಟ್ಟದಲ್ಲಿ ವರ್ಷದ ಮೇಲೆ ಇದ್ದದ್ದು. ಅಟ್ಟಕ್ಕೆ ಏರಿಸುವ ಮೊದಲು ಎರಡು ತುದಿಗೂ ಒಂದು ಹಚ್ಚುತ್ತೇನೆ. ಏನು ಅಂತ ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ಹೇಳುತ್ತೇನೆ.

ಚಾತ್ರಕ್ಕೆ, ಅಂದರೆ ತಿರುಗುವ ಕಡೆಗೋಲಿಗೆ, ಸುತ್ತಿ ಎಳೆಯುವ ಹಗ್ಗದಲ್ಲೂ ಆಟ ಆಡಿದೆ. ನೈಲಾನ್ ಜಾರಿ ಜಾರಿ ಬಿಸಿಯಾಗಿ ಕರಗಿತು. ತೆಂಗಿನ ನಾರಿನದು ತುಂಡಾಯಿತು. ಹಸುವಿನ ಬಾಲದ ಕೂದಲಿಗೆ ಸೆಣಬು ಸೇರಿಸಿ ಮೂರೆಳೆ ಹೊಸೆದ, ಒಂದು ಮಾರು ಉದ್ದದ ಹಗ್ಗವೇ ತಾಳಿದ್ದು. ಹಿಂದಿನವರು ಹೇಳಿದ್ದೂ ಅದನ್ನೇ. ಸುಮ್ನೆ ಕುತೂಹಲಕ್ಕೆ, ಚಾತ್ರವನ್ನು ಮೇಲಿಂದ ಒತ್ತಿ ಹಿಡಿಯುವ ಮರದ ತುಂಡಾದ ಓವಿಲಿಯ ಅಡಿಗೆ ಸೈಕಲ್ ಬೇರಿಂಗ್ ಹಾಕಿಯೂ ನೋಡಿದೆ. ಚಾತ್ರ ಭರ್ರನೆ ತಿರುಗಿತು! ಹೋಮಕ್ಕೆ ಮಾತ್ರ ಅದನ್ನು ಬಳಸಿಲ್ಲ.

ಕೆಳಗಿನ ಅರಣಿಯಲ್ಲಿ ಇನ್ನೊಂದೆರಡು ಗುಂಡಿಗೆ ಜಾಗ ಇದೆ. ಮುಂದಿನದಕ್ಕೆ ಅರಳಿ ತುಂಡು ಆಗಲೇ ಅಟ್ಟ ಹತ್ತಿದೆ.