ಸ್ಟೋರ್ ಕೋಡಿನ ರಿವ್ಯೂ: ಮೆಮೊರಿ ಸೋರಿಕೆ ಹಿಡಿಯುವ ಬಗೆ

ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಅಡಿಕೆ ಖರೀದಿಸುವ ಅಂಗಡಿಯಲ್ಲಿ ದರ ನೋಡುವ ವೆಬ್ ಆ್ಯಪ್ ಬೆಳಗ್ಗೆ ತೆರೆದರೆ ಬಾಗಿಲು ಹಾಕುವ ತನಕ ಹಾಗೇ ಇರುತ್ತದೆ ಎಂದುಕೊಳ್ಳಿ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಂದು ಪುಟದಿಂದ ಪುಟಕ್ಕೆ ದಿನವಿಡೀ ಓಡಾಟ. ಪ್ರತಿ ಸಲ ಒಂದಿಷ್ಟು ಮೆಮೊರಿ ಉಳಿದುಕೊಂಡರೆ ಮಧ್ಯಾಹ್ನದ ಹೊತ್ತಿಗೆ ಟ್ಯಾಬ್ ತೆವಳುತ್ತದೆ. ಇದೇ ಮೆಮೊರಿ ಸೋರಿಕೆ. ಕೋಡ್ ಬರೆಯುವವರು ಆಗಾಗ ರಿಫ್ರೆಶ್ ಮಾಡುತ್ತಿರುವುದರಿಂದ ಅವರ ಕಣ್ಣಿಗೆ ಇದು ಬೀಳುವುದಿಲ್ಲ. ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವ ರಿವ್ಯೂದಲ್ಲೇ ಹಿಡಿಯಬೇಕು.

ಡಿಫ್ (ಕೋಡಿನಲ್ಲಿ ಬದಲಾದ ಸಾಲುಗಳು) ಓದುವಾಗ ಮೊದಲು ನೋಡಬೇಕಾದದ್ದು, ಯಾವುದು ಯಾವುದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದನ್ನು. ಸ್ಟೋರ್ ಎಂದರೆ ಇಲ್ಲಿ ಅಂಗಡಿಯಲ್ಲ, ಆ್ಯಪಿನ ಡೇಟಾವನ್ನು ಒಂದೆಡೆ ಇಡುವ ಭಾಗ; ಅದು ಟ್ಯಾಬ್ ಮುಚ್ಚುವ ತನಕ ಇರುತ್ತದೆ. ಕಾಂಪೊನೆಂಟ್, ಅಂದರೆ ಪುಟದಲ್ಲಿ ಕಾಣುವ ಒಂದು ತುಂಡು, ಪುಟ ಬದಲಾದೊಡನೆ ಹೋಗಬೇಕು. ಕಾಂಪೊನೆಂಟಿನ ಒಂದೇ ಒಂದು ಕಾಲ್‌ಬ್ಯಾಕ್ (ಆಮೇಲೆ ಕರೆಯಲೆಂದು ಕೊಟ್ಟ ಫಂಕ್ಷನ್) ಸ್ಟೋರಿನಲ್ಲಿ ಉಳಿದರೂ ಸಾಕು, ಅದು ಹಿಡಿದಿಟ್ಟ ದರಪಟ್ಟಿ, ಚಾರ್ಟ್, ಡಾಮ್ ನೋಡ್ (ಪುಟದ ಅಂಶ) ಯಾವುದನ್ನೂ, ಬೇಡದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ತೆಗೆಯಲಾರದು. ಸ್ಟೋರೇ ಕಾಂಪೊನೆಂಟಿನೊಳಗೆ ಹುಟ್ಟಿ ಅದರೊಂದಿಗೇ ಹೋಗುವುದಾದರೆ ಈ ಭಯವಿಲ್ಲ, ಅಂಥ ಬದಲಾವಣೆಯನ್ನು ಸುಮ್ಮನೆ ತಡೆಯಬೇಡಿ.

ರೆಡಕ್ಸ್ ಎಂಬ ಸ್ಟೋರ್ ಲೈಬ್ರರಿಯಲ್ಲಿ ಸಬ್‌ಸ್ಕ್ರೈಬ್ ಕರೆದು ಕಾಲ್‌ಬ್ಯಾಕ್ ಸೇರಿಸಿದರೆ, ಅದನ್ನು ಬಿಡಿಸುವ ಅನ್‌ಸಬ್‌ಸ್ಕ್ರೈಬ್ ಫಂಕ್ಷನ್ ವಾಪಸು ಬರುತ್ತದೆ. ಅದನ್ನು ಎಲ್ಲಿಯೂ ಇಟ್ಟುಕೊಳ್ಳದ ಸಾಲು ಕಂಡರೆ ಪ್ರಶ್ನಿಸಿ. ರಿಯಾಕ್ಟಿನ ಯೂಸ್‌ಎಫೆಕ್ಟಿನಲ್ಲಾದರೆ ಅದನ್ನು ರಿಟರ್ನ್ ಮಾಡಿರಬೇಕು; ಕಾಂಪೊನೆಂಟ್ ಹೋಗುವಾಗ ಅದು ಓಡುತ್ತದೆ, ಅದೇ ಕ್ಲೀನಪ್. ಎಫೆಕ್ಟ್ ಫಂಕ್ಷನನ್ನೇ ಅಸಿಂಕ್ (ಉತ್ತರಕ್ಕೆ ಕಾಯಬಲ್ಲದ್ದು) ಮಾಡಿದ್ದರೆ ರಿಟರ್ನ್ ಆಗುವುದು ಪ್ರಾಮಿಸ್ (ಮುಂದೆ ಬರುವ ಉತ್ತರದ ಗುರುತು), ಫಂಕ್ಷನ್ ಅಲ್ಲ, ಹಾಗಾಗಿ ಕ್ಲೀನಪ್ ನಡೆಯುವುದೇ ಇಲ್ಲ. ಅವೇಟ್ (ಉತ್ತರಕ್ಕೆ ಕಾಯುವುದು) ಆದ ಮೇಲೆ ಸಬ್‌ಸ್ಕ್ರೈಬ್ ಮಾಡುವ ಕೋಡ್ ಇನ್ನೂ ಕಷ್ಟದ್ದು: ಸರ್ವರಿನಿಂದ ದರ ಬರುವಷ್ಟರಲ್ಲಿ ಪುಟ ಮುಚ್ಚಿದ್ದರೆ, ಕ್ಲೀನಪ್ ಮುಗಿದ ಮೇಲೆ ಕಾಲ್‌ಬ್ಯಾಕ್ ಸೇರಿಕೊಳ್ಳುತ್ತದೆ. ನೆಟ್‌ವರ್ಕ್ ನಿಧಾನವಿರುವ ಕಡೆ ಹೆಚ್ಚಾಗಿ ಇದು ಕಾಣಿಸುವುದರಿಂದ, ಅವೇಟಿನ ನಂತರ ರದ್ದಾಗಿದೆಯೇ ಎಂದು ನೋಡುವ ಸಾಲು ಬೇಕೇಬೇಕು. ಕ್ಲಿಕ್‌ನಂಥವಕ್ಕೆ ಕಟ್ಟಿದ ಫಂಕ್ಷನನ್ನು ಬಿಡಿಸುವ ರಿಮೂವ್‌ಈವೆಂಟ್‌ಲಿಸನರಿಗೆ ಅಲ್ಲೇ ಹೊಸದಾಗಿ ಬರೆದ ಆ್ಯರೋ ಫಂಕ್ಷನ್ ಕೊಟ್ಟರೆ ಏನೂ ತೆಗೆದುಹೋಗುವುದಿಲ್ಲ; ಸೇರಿಸಿದ ಅದೇ ಫಂಕ್ಷನ್ ಕೊಡಬೇಕು. ಆಗಾಗ ಓಡುವ ಟೈಮರ್ ಸೆಟ್‌ಇಂಟರ್ವಲ್, ಸರ್ವರಿನೊಂದಿಗೆ ತೆರೆದೇ ಇರುವ ಸಂಪರ್ಕವಾದ ವೆಬ್‌ಸಾಕೆಟ್‌ಗಳಿಗೂ ನಿಲ್ಲಿಸುವ ಸಾಲು ಇದೆಯೇ ನೋಡಿ.

ಲಾಟ್ ಸಂಖ್ಯೆಯನ್ನು ಕೀ ಮಾಡಿದ ಮ್ಯಾಪ್ (ಕೀ ಕೊಟ್ಟರೆ ಮೌಲ್ಯ ಕೊಡುವ ಪಟ್ಟಿ) ಇದ್ದು, ಎಲ್ಲೂ ಡಿಲೀಟ್ ಇಲ್ಲದಿದ್ದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಬೇರೆಲ್ಲೂ ಬಳಕೆಯಲ್ಲಿಲ್ಲದ ಕೀಯನ್ನು ಹಿಡಿದಿಡದ ವೀಕ್‌ಮ್ಯಾಪ್ ಹಾಕಿ ಎನ್ನುವ ಸಲಹೆ ಇಲ್ಲಿ ನಡೆಯದು, ಅದು ಸ್ಟ್ರಿಂಗನ್ನೋ ಸಂಖ್ಯೆಯನ್ನೋ ಕೀ ಆಗಿ ಒಪ್ಪುವುದಿಲ್ಲ. ಮಿತಿ ಹಾಕಿಸಿ. ಅನ್‌ಡೂ ಇತಿಹಾಸಕ್ಕೂ ಹಾಗೆಯೇ.

ಅನುಮಾನ ಉಳಿದರೆ ಆ ಬದಲಾವಣೆಯ ಬ್ರಾಂಚನ್ನು ಓಡಿಸಿಯೇ ನೋಡಿ. ರೆಡಕ್ಸ್ ಡೆವ್‌ಟೂಲ್ಸ್ ಎಕ್ಸ್‌ಟೆನ್ಷನ್ ಹಳೆಯ ಸ್ಟೇಟುಗಳನ್ನು ಹಿಡಿದಿಡುತ್ತದೆ, ಕನ್ಸೋಲಿಗೆ ಲಾಗ್ ಮಾಡಿದ ಆಬ್ಜೆಕ್ಟೂ ಉಳಿಯುತ್ತದೆ. ಆದ್ದರಿಂದ ಪ್ರೊಡಕ್ಷನ್ ಬಿಲ್ಡನ್ನು ಎಕ್ಸ್‌ಟೆನ್ಷನ್ ಸಾಮಾನ್ಯವಾಗಿ ಓಡದ ಕ್ರೋಮಿನ ಇನ್‌ಕಾಗ್ನಿಟೊದಲ್ಲಿ ತೆರೆದು, ಲಾಗ್ ತೆಗೆದು ಪರೀಕ್ಷಿಸಿ. ಪುಟವನ್ನು ಒಮ್ಮೆ ತೆರೆದು ಮುಚ್ಚಿ, ಕ್ರೋಮ್ ಡೆವ್‌ಟೂಲ್ಸಿನ ಮೆಮೊರಿ ಟ್ಯಾಬಿನಲ್ಲಿ ಹೀಪ್ ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಮೆಮೊರಿಯಲ್ಲಿರುವುದರ ಪಟ್ಟಿ) ತೆಗೆಯಿರಿ. ಮತ್ತೆ 7 ಸಲ ತೆರೆದು ಮುಚ್ಚಿ ಇನ್ನೊಂದು ತೆಗೆದು, ಕಂಪ್ಯಾರಿಸನ್ ನೋಟದಲ್ಲಿ ಹೋಲಿಸಿ. 7 ಎಂಬ ಸಂಖ್ಯೆಯಿಂದ ಒಂದು ಅನುಕೂಲವಿದೆ: ಎಷ್ಟು ಹೆಚ್ಚಿತೆಂದು ತೋರಿಸುವ ಡೆಲ್ಟಾ ಕಾಲಮಿನಲ್ಲಿ 7, 14, 21 ಕಂಡರೆ ಅದು ನಿಮ್ಮ ಪುಟದಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಆ ಸಾಲನ್ನು ಒತ್ತಿ ಕೆಳಗಿನ ರಿಟೇನರ್ಸ್ ಪಟ್ಟಿಯಲ್ಲಿ ಹಿಡಿದಿಟ್ಟಿರುವುದು ಯಾವುದೆಂದು ಹುಡುಕಿ, ಅದರ ಹೆಸರನ್ನೂ ಡೆಲ್ಟಾವನ್ನೂ ರಿವ್ಯೂ ಟಿಪ್ಪಣಿಯಲ್ಲಿ ಬರೆಯಿರಿ.