ಹಿಂದಕ್ಕೆ ಜಾರುತ್ತಿದ್ದ ವಿಂಚ್: ಗ್ರೀಸ್ ಎಲ್ಲಿಗೆ, ಎಣ್ಣೆ ಎಲ್ಲಿಗೆ

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕಟ್ಟಿ ನಿಲ್ಲಿಸಿರುವ ನಮ್ಮ ಹಾಯಿದೋಣಿಯ ಎರಡು ಸ್ಪೀಡಿನ ವಿಂಚ್ (ಹ್ಯಾಂಡಲ್ ತಿರುಗಿಸಿ ಹಾಯಿಯ ಹಗ್ಗ ಬಿಗಿಯುವ ರಾಟೆ), ಹಗ್ಗ ಬಿಗಿಯಾದಾಗ ಒಮ್ಮೊಮ್ಮೆ ಹಿಂದಕ್ಕೆ ಜಾರುತ್ತಿತ್ತು. ತಿರುಗಿಸುವಾಗಿನ ಟಿಕ್ ಟಿಕ್ ಸದ್ದೂ ಮಂಕಾಗಿತ್ತು. ಹ್ಯಾಂಡಲ್ ತಿರುಗಿ ಬೀಸಿದರೆ ಕೈ ಮುರಿದೀತು, ಆದ್ದರಿಂದ ಇದನ್ನು ಮುಂದೂಡಬೇಡಿ.

ಮೇಲಿನಿಂದ ಡಬ್ಲ್ಯುಡಿ-40 ಎಂಬ ತೆಳು ಎಣ್ಣೆಯ ಸ್ಪ್ರೇ ಸಿಂಪಡಿಸಿದಾಗ ಕೆಲಕಾಲವಷ್ಟೇ ಸರಿಹೋಯಿತು. ಸಿಹಿನೀರು ಹಾಯಿಸಿದರೆ ಉಪ್ಪು ಹೋಯಿತು, ಜಾರುವುದು ನಿಲ್ಲಲಿಲ್ಲ. ಹೊಸ ಸ್ಪ್ರಿಂಗ್ ಹಾಕಿದರೂ ಅಷ್ಟೇ.

ಪೂರ್ತಿ ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು. ಗೇರು ಹಿಂದೆ ಸರಿಯದಂತೆ ತಡೆಯುವ ಪುಟ್ಟ ನಾಲಿಗೆಗಳು, ಅಂದರೆ ಪಾಲ್‌ಗಳು, ಹಳೆಯ ಗ್ರೀಸಿನಲ್ಲಿ ಹೂತುಹೋಗಿದ್ದವು. ಚಳಿಗೆ ಗಟ್ಟಿಯಾದ ಗ್ರೀಸನ್ನು ಮೀರಿ ಅವನ್ನು ಹೊರದೂಡುವ ಬಲ ಆ ಸಣ್ಣ ಸ್ಪ್ರಿಂಗಿಗಿಲ್ಲ.

ಕೆಲಸ ಮಾಡಿದ ಕ್ರಮ ಇದು. ಮೊದಲು, ತಳ ಕತ್ತರಿಸಿದ ರಟ್ಟಿನ ಪೆಟ್ಟಿಗೆಯನ್ನು ವಿಂಚ್ ಸುತ್ತ ಇಡಿ. ಬಿಚ್ಚುವಾಗ ಸ್ಪ್ರಿಂಗ್ ಹಾರಿದರೆ ನೀರಿಗೆ ಬೀಳುವುದಿಲ್ಲ. ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಿಸಿ. ಪಾಲ್ ಕೂರುವ ಗುಳಿಗಳನ್ನು ಲೋಹ ಹೊಳೆಯುವವರೆಗೂ ಒರೆಸಬೇಕು. ಪ್ಲಾಸ್ಟಿಕ್ ಬೇರಿಂಗಿಗೆ ಸೋಪುನೀರೇ ಸಾಕು.

ವಿಂಚಿಗೆಂದೇ ಮಾರುವ ಗ್ರೀಸನ್ನು ಗೇರಿನ ಹಲ್ಲುಗಳಿಗೆ, ಲೋಹದ ರೋಲರ್‌ಗಳಿಗೆ, ನಡುಕಂಬಕ್ಕೆ ಬ್ರಶ್ಶಿನಿಂದ ತೆಳುವಾಗಿ ಸವರಿ. ಹಲ್ಲಿನ ಸಂದು ತುಂಬಿಕೊಂಡರೆ ಹೆಚ್ಚಾಯಿತೆಂದೇ ಅರ್ಥ. ಪಾಲ್ ಮತ್ತು ಸ್ಪ್ರಿಂಗಿಗೆ ಗ್ರೀಸ್ ಬೇಡವೇ ಬೇಡ: ಒಂದೊಂದು ಹನಿ ತೆಳು ಮೆಷಿನ್ ಆಯಿಲ್ ಮಾತ್ರ. ಜೋಡಿಸುವ ಮುನ್ನ ಪ್ರತಿ ಪಾಲ್ ಅನ್ನೂ ಬೆರಳಿಂದ ಒತ್ತಿ ಬಿಡಿ. ತಟ್ಟನೆ ಹೊರಬರದಿದ್ದರೆ ಮತ್ತೆ ಒರೆಸಿ. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ. ಹಗ್ಗ ಸುತ್ತಿಕೊಳ್ಳುವ ಡ್ರಮ್ ಒಂದೇ ದಿಕ್ಕಿಗೆ ಸುತ್ತಬೇಕು, ಸದ್ದು ಚುರುಕಾಗಿ ಕೇಳಬೇಕು.