ಚಿಕಾಗೊದ ಹಸಿರು ಹಬ್ಬಕ್ಕೆ ಹೊರಟ ಹೊಸಬರಿಗೆ: ಕನ್ನಡ ಕೂಟದ ಮಾರ್ಗದರ್ಶಿ

ಮಾರ್ಚ್ ಶುರುವಾಗುತ್ತಿದ್ದಂತೆ ಮಕ್ಕಳು ಶಾಲೆಯಿಂದ ಸುದ್ದಿ ತರುತ್ತಾರೆ. 17ನೇ ತಾರೀಕು ಹಸಿರು ಬಟ್ಟೆ ಹಾಕಬೇಕಂತೆ. ಚಿಕ್ಕ ತರಗತಿಯವರಾದರೆ ಶೂ ಡಬ್ಬದಲ್ಲಿ ಲೆಪ್ರಕಾನ್ ಎಂಬ ಅಜ್ಜಿಕತೆಯ ಕುಳ್ಳನನ್ನು ಹಿಡಿಯುವ ಬೋನು ಮಾಡಿಕೊಂಡು ಬರಬೇಕಂತೆ. ಹೊಸದಾಗಿ ಬಂದ ಮನೆಗಳಿಂದ ಕೂಟಕ್ಕೆ ಫೋನ್ ಬರುವುದೂ ಆಗಲೇ. ಇದ್ಯಾವ ಹಬ್ಬ? ನಾವು ಹೋಗಬಹುದಾ? ಬರೀ ಕುಡಿಯೋದು ಅಂತಾರಲ್ಲ, ಮಕ್ಕಳನ್ನು ಹೇಗೆ ಕರ್ಕೊಂಡು ಹೋಗೋದು?

ಇದು ಐರ್ಲೆಂಡ್ ಮೂಲದವರ, ಅಂದರೆ ಐರಿಶರ, ಸೇಂಟ್ ಪ್ಯಾಟ್ರಿಕ್ಸ್ ಡೇ. ಧಾರಾಳವಾಗಿ ಹೋಗಿ. ಆದರೆ ಇದು ಇನ್ನೊಬ್ಬರ ಮನೆಯ ಹಬ್ಬ. ಪಕ್ಕದವರ ಸತ್ಯನಾರಾಯಣ ಪೂಜೆಗೆ ಹೋದಾಗ ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲಿ ಕೂರಬೇಕು ಅಂತ ಒಮ್ಮೆ ಸುತ್ತ ನೋಡುತ್ತೇವಲ್ಲ, ಆ ನೋಟ ಇಲ್ಲೂ ಇರಲಿ.

ಐರಿಶರು ಈ ಊರಿಗೆ ಬಂದದ್ದು ನಮ್ಮ ಹಾಗೆ ಆಫರ್ ಲೆಟರ್ ಹಿಡಿದುಕೊಂಡಲ್ಲ. 1836ರಿಂದ 1848ರವರೆಗೆ ಇಲಿನಾಯ್–ಮಿಶಿಗನ್ ಕಾಲುವೆ ತೋಡಿದ ಕೂಲಿಗಳಲ್ಲಿ ಅವರೇ ಜಾಸ್ತಿ. 1845ರಲ್ಲಿ ಅವರ ದೇಶದಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂತು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಇಂದು ಹಸಿರು ಟೋಪಿ ಹಾಕಿ ಕುಣಿಯುವವರಲ್ಲಿ ಅನೇಕರ ಮುತ್ತಾತ ಮುತ್ತಜ್ಜಿಯರ ಕತೆ ಹೀಗೆ ಶುರುವಾಗುತ್ತದೆ. ಕೆಂಪು ಗಡ್ಡ ಅಂಟಿಸಿಕೊಂಡು ಕುಡುಕನ ಹಾಗೆ ತೂರಾಡುವ ವೇಷ ಬೇಡ ಎನ್ನುವುದು ಇದಕ್ಕೇ. ಬೇರೆಯವರು ಹಾಕಿರುತ್ತಾರೆ, ಹಾಕಿಕೊಳ್ಳಲಿ. ನಮಗೆ ಒಂದು ಹಸಿರು ಸ್ವೆಟರ್ ಸಾಕು. ಹಸಿರು ಹಾಕದವರನ್ನು ಚಿವುಟುವ ಆಟ ಶಾಲೆಗಳಲ್ಲಿದೆ. ಮಕ್ಕಳಿಗೆ ಮೊದಲೇ ಹೇಳಿ, ಚಿವುಟುವುದೂ ಬೇಡ, ಚಿವುಟಿಸಿಕೊಳ್ಳುವುದೂ ಬೇಡ.

ಮುಖ್ಯವಾದ ಮೆರವಣಿಗೆ ಎರಡಿವೆ. ಡೌನ್‌ಟೌನ್‌ನದು 17ಕ್ಕೆ ಮುಂಚಿನ ಶನಿವಾರ (17 ಶನಿವಾರವೇ ಆದರೆ ಅವತ್ತೇ). ಅದೇ ಬೆಳಿಗ್ಗೆ ನದಿಗೆ ಬಣ್ಣ ಹಾಕುತ್ತಾರೆ. 1962ರಿಂದ ಆ ಕೆಲಸ ಇಲ್ಲಿನ ಪ್ಲಂಬರ್‌ಗಳ ಯೂನಿಯನ್ನಿನದು. ಕೊಳಚೆ ನೀರು ಎಲ್ಲಿಂದ ನದಿಗೆ ಸೇರುತ್ತಿದೆ ಅಂತ ಪತ್ತೆ ಮಾಡಲು ಬಳಸುತ್ತಿದ್ದ ಬಣ್ಣದಿಂದ ಹುಟ್ಟಿದ ಐಡಿಯಾ ಅದು. ಮೊದಲ ವರ್ಷ 100 ಪೌಂಡ್ ಸುರಿದು, ನದಿ ಒಂದು ವಾರ ಹಸಿರಾಗಿಯೇ ಇತ್ತಂತೆ. ಈಗ ಅದರ ಅರ್ಧಕ್ಕಿಂತ ಕಡಿಮೆ ಹಾಕುತ್ತಾರೆ. ಪುಡಿ ದೋಣಿಯಿಂದ ಬೀಳುವಾಗ ಕಿತ್ತಳೆ ಬಣ್ಣ, ನೀರು ಮುಟ್ಟಿದ ಮೇಲೆ ಹಸಿರು. ಮಕ್ಕಳಿಗೆ ತೋರಿಸಬೇಕಾದ ಗಳಿಗೆ ಅದೇ. ತಡವಾಗಿ ಹೋದರೆ ಸೇತುವೆ ಮೇಲೆ ಕಾಣುವುದು ಎದುರಿನವರ ಬೆನ್ನು ಮಾತ್ರ.

ಇನ್ನೊಂದು ಮೆರವಣಿಗೆ ಸೌತ್ ಸೈಡಿನ ವೆಸ್ಟರ್ನ್ ಅವೆನ್ಯೂನಲ್ಲಿ, ಭಾನುವಾರ. 1979ರಲ್ಲಿ ಆ ಬೀದಿಗಳ ಮಕ್ಕಳು ಶುರುಮಾಡಿದ್ದು. ಬೆಳೆದು ಬೆಳೆದು ಕುಡಿತದ ಗಲಾಟೆ ಮಿತಿಮೀರಿ 2010 ಮತ್ತು 2011ರಲ್ಲಿ ನಿಲ್ಲಿಸಿಯೇಬಿಟ್ಟರು. 2012ರಲ್ಲಿ ಮತ್ತೆ ಶುರುವಾದಾಗ ಬೀದಿಯಲ್ಲಿ ಕುಡಿಯುವವರ ಮೇಲೆ ಬಿಗಿ ಬಂತು. ಚಿಕ್ಕ ಮಕ್ಕಳಿರುವ ಮನೆಗೆ ನನ್ನ ವೋಟು ಇದಕ್ಕೇ. ಜನ ಮನೆ ಮುಂದೆ ಕುರ್ಚಿ ಹಾಕಿ ಕೂತಿರುತ್ತಾರೆ. ಅವರ ಹುಲ್ಲುಹಾಸಿನ ಮೇಲೆ ಕೇಳದೆ ಚಾಪೆ ಬಿಡಿಸಬೇಡಿ. ಕುಣಿಯುವ ಹೆಣ್ಣುಮಕ್ಕಳ ಗುಂಗುರು ವಿಗ್ ಮುಟ್ಟಿ ನೋಡುವ ಆಸೆ ಯಾರಿಗೂ ಬರುತ್ತದೆ, ತಡೆದುಕೊಳ್ಳಿ. ನಮ್ಮ ಭರತನಾಟ್ಯದ ಹುಡುಗಿಯರ ಜಡೆಬಿಲ್ಲೆ ಯಾರಾದರೂ ಎಳೆದರೆ ಸುಮ್ನಿರ್ತೀವಾ?

ಮೆರವಣಿಗೆಯಲ್ಲಿ ತಪ್ಪಾದರೆ ಯಾರೂ ನೋಡುವುದಿಲ್ಲ. ತಪ್ಪು ಎದ್ದು ಕಾಣುವುದು ಸಂಗೀತದ ಮೇಜಿನ ಬಳಿ. ಅಲ್ಲಿನದು ನನಗೆ ಸ್ವಂತ ಅನುಭವ.

ಪಬ್ಬಿನ ಮೂಲೆಯಲ್ಲಿ ಒಂದು ಮೇಜು. ಸುತ್ತ ಏಳೆಂಟು ಜನ. ಪಿಟೀಲು, ತಗಡಿನ ಪುಟ್ಟ ಕೊಳಲು, ಎರಡು ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಕಾನ್ಸರ್ಟಿನಾ, ತೋಳಿನಿಂದ ತಿದಿಯೊತ್ತಿ ನುಡಿಸುವ ಪೈಪ್. ಇದಕ್ಕೆ ಸೆಶನ್ ಅಂತಾರೆ. ವೇದಿಕೆ ಇಲ್ಲ, ಮೈಕ್ ಇಲ್ಲ, ಅವರು ನಮ್ಮ ಕಡೆ ತಿರುಗಿಯೂ ಕೂರುವುದಿಲ್ಲ. ನಾವು ಬಂದ ಎರಡನೇ ವರ್ಷ. ನಮ್ಮ ಮನೆಯವರು ಜೇಬಿನಲ್ಲಿ ಕಂಜಿರ ಇಟ್ಟುಕೊಂಡೇ ಬಂದಿದ್ದರು. ಗೋಡೆಗೆ ತಾಗಿ ಒಂದು ಕುರ್ಚಿ ಖಾಲಿ ಇತ್ತು. ಕೂತರು. ಎರಡನೇ ಟ್ಯೂನಿಗೆ ತಕದಿಮಿ ಶುರು. ತಾಳ ತಪ್ಪಿರಲಿಲ್ಲ, ಅದು ನಿಜ. ಆದರೆ ಮೇಜಿನ ಎದುರಿಗೆ ಬೌರಾನ್ ಎಂಬ ಚರ್ಮವಾದ್ಯ ಹಿಡಿದ ಹೆಂಗಸು ಮೆಲ್ಲಗೆ ತನ್ನ ಕೋಲನ್ನು ತೊಡೆಯ ಮೇಲಿಟ್ಟು ಕೈಕಟ್ಟಿ ಕೂತರು. ಟ್ಯೂನ್ ಮುಗಿದ ಮೇಲೆ ಪಿಟೀಲಿನ ಅಜ್ಜ ಬಗ್ಗಿ ನಮ್ಮವರ ಕಿವಿಯಲ್ಲಿ ಏನೋ ಅಂದರು. ನಗುತ್ತಲೇ ಅಂದರು. ನಮ್ಮವರ ಮುಖ ಮಾತ್ರ ಕೆಂಪಾಗಿತ್ತು.

ಅಜ್ಜ ಹೇಳಿದ್ದು ಎರಡೇ ಮಾತು. ಆ ಕುರ್ಚಿ ನುಡಿಸುವವರದು. ಮತ್ತೆ, ಒಂದು ಹೊತ್ತಿಗೆ ಒಂದೇ ಚರ್ಮವಾದ್ಯ.

ಬೌರಾನ್ ಅಂದರೆ ಹೆಚ್ಚುಕಡಿಮೆ ನಮ್ಮ ತಮಟೆಯ ತಂಗಿ. ಮರದ ಬಳೆಗೆ ಮೇಕೆ ಚರ್ಮ ಬಿಗಿದು ಚೋಟುದ್ದದ ಕೋಲಿನಿಂದ ನುಡಿಸುತ್ತಾರೆ. ಎರಡು ಸೇರಿದರೆ ಪಿಟೀಲು ಮುಳುಗಿಹೋಗುತ್ತದೆ. ಹಾಗಾಗಿ ಇನ್ನೊಬ್ಬರಿದ್ದರೆ ಸರದಿಯ ಮೇಲೆ ನುಡಿಸುತ್ತಾರೆ. ಈ ಸಂಗೀತಕ್ಕೆ ಜೀವಾಳ ತಾಳವಲ್ಲ, ಟ್ಯೂನು. ಒಂದು ಟ್ಯೂನನ್ನು ಎರಡು ಮೂರು ಸಲ ಸುತ್ತಿ, ನಿಲ್ಲಿಸದೆ ಮುಂದಿನದಕ್ಕೆ ಜಾರುತ್ತಾರೆ. ಜಿಗ್ ಎಂಬ ಬಗೆಯ ಟ್ಯೂನು ಆದರೆ ನಿಮ್ಮ ಕಿವಿಗೆ ತಕಿಟ ತಕಿಟ ಅಂತ ಕೇಳುತ್ತದೆ, ರೀಲ್ ಆದರೆ ತಕದಿಮಿ. ಜಾರುವ ಕಡೆ ಚಪ್ಪಾಳೆ ಹೊಡೆಯಬೇಡಿ, ಪೂರ್ತಿ ನಿಂತ ಮೇಲೆ ಹೊಡೆಯಿರಿ. ಟ್ಯೂನಿನ ಉದ್ದಕ್ಕೂ ಕೈತಟ್ಟಿ ತಾಳ ಹಾಕುವುದಂತೂ ಬೇಡವೇ ಬೇಡ. ಕಾಲು ಕುಣಿಸಿ, ಅದಕ್ಕೆ ಯಾರದೂ ಅಡ್ಡಿಯಿಲ್ಲ. ಯಾರಾದರೂ ಒಬ್ಬರೇ ಕಣ್ಣುಮುಚ್ಚಿ ಹಾಡಲು ತೊಡಗಿದರೆ ಇಡೀ ಪಬ್ಬು ಮಾತು ನಿಲ್ಲಿಸುತ್ತದೆ. ಆಗ ನಿಮ್ಮ ಫೋನ್ ರಿಂಗಾಗಬಾರದು. ವಿಡಿಯೊ ಬೇಕಿದ್ದರೆ ಕೇಳಿ ತೆಗೆಯಿರಿ. ಫರ್ಮಾಯಿಷ್ ಬೇಡ. ಹುಬ್ಬು ಗಂಟುಹಾಕಿ ನುಡಿಸುವವರ ಮುಂದೆ ನಿಂತು ಸೆಲ್ಫಿಯೂ ಬೇಡ. ಪಬ್ಬಿನಲ್ಲಿ ಕುಡಿಯದವರು ಚಹಾವೋ ಸೋಡಾವೋ ತೆಗೆದುಕೊಂಡು ಟಿಪ್ ಇಡಿ, ಜಾಗ ಸುಮ್ನೆ ಹಿಡಿದು ಕೂರಬಾರದು. ಮಕ್ಕಳನ್ನು ಎಷ್ಟು ಗಂಟೆಯವರೆಗೆ ಬಿಡುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಪಬ್ಬೇ ಬೇಡ ಅನ್ನುವವರಿಗೆ ನಾರ್ತ್‌ವೆಸ್ಟ್ ಸೈಡಿನ ಐರಿಶ್ ಅಮೆರಿಕನ್ ಹೆರಿಟೇಜ್ ಸೆಂಟರ್ ಇದೆ. ಹಳೆಯ ಶಾಲಾ ಕಟ್ಟಡ, ಮಕ್ಕಳ ಓಡಾಟಕ್ಕೂ ಜಾಗ.

ನಿಮಗೂ ವಾದ್ಯ ಬರುತ್ತದೆ, ಸೇರಬೇಕು ಅನ್ನಿಸಿದರೆ? ನಾಲ್ಕು ವಾರ ಬರೀ ಕೇಳಿ. ಆಮೇಲೆ ಬಿಡುವಿನಲ್ಲಿ ಕೇಳಿಕೊಳ್ಳಿ. ಅವರೂ ನಮ್ಮ ಹಾಗೆ ಕಿವಿಯಲ್ಲೇ ಕಲಿತವರು. ಈ ಊರಿನ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್‌ಗೆ ಎಷ್ಟೋ ಟ್ಯೂನು ಬಾಯಿಪಾಠ ಇತ್ತು, ಸ್ವರಲಿಪಿ ಬರೆಯಲು ಮಾತ್ರ ಬರುತ್ತಿರಲಿಲ್ಲ. ಅದೇ ಅಡ್ಡಹೆಸರಿನ ಇನ್ನೊಬ್ಬ ಪೊಲೀಸಿನವನಿಂದ ಬರೆಸಿ 1903ರಲ್ಲಿ 1850 ಟ್ಯೂನುಗಳ ಪುಸ್ತಕ ತಂದ. ಇಂದಿಗೂ ಐರ್ಲೆಂಡಿನವರೇ ಈ ಚಿಕಾಗೊ ಪುಸ್ತಕ ತೆರೆದು ನೋಡುತ್ತಾರೆ. ಕಾರ್ಕ್ ಕೌಂಟಿಯ ಹಳ್ಳಿಯಿಂದ ಬಂದವನು, ಊರಿನ ಹಾಡು ಉಳಿಸಿದ್ದು ಇಲ್ಲಿ ಕೂತು. ನಮ್ಮ ಭಾನುವಾರದ ಕನ್ನಡ ಶಾಲೆಗೆ ಬರಲು ಗೊಣಗುವ ಅಪ್ಪಂದಿರಿಗೆ ಈ ಕತೆ ಹೇಳಿ.

ಮಾತಿಗೆ ಸಿಕ್ಕಾಗ ಕೆಲವು ಬಾಯಿತಪ್ಪು ಆಗಬಾರದು. ಐರಿಶರನ್ನು ಬ್ರಿಟಿಷರು ಅನ್ನಬೇಡಿ. ನಮ್ಮ ಮೇಲೆ ಆಳಿದವರೇ ಅವರ ಮೇಲೂ ಆಳಿದ್ದು. ಹಬ್ಬವನ್ನು ಚುಟುಕಾಗಿ ಹೇಳುವುದಾದರೆ ಪ್ಯಾಡಿಸ್ ಡೇ, ಪ್ಯಾಟಿಸ್ ಡೇ ಅಲ್ಲ. ಆದರೆ ಯಾರನ್ನೂ ‘ಪ್ಯಾಡಿ’ ಅಂತ ಕರೆಯಬೇಡಿ, ಅದು ಬೈಗುಳದ ಹಾಗೆ. ಅವರ ಶ್ಯಾಮ್‌ರಾಕ್‌ಗೆ ಬಿಲ್ವಪತ್ರೆಯ ಹಾಗೆ ಮೂರೇ ಎಲೆ. ಮಕ್ಕಳು ನಾಲ್ಕೆಲೆ ಬರೆದರೆ ತಿದ್ದಿ. ಬಾಂಬ್ ಹೆಸರಿಟ್ಟ ಒಂದು ಪಾನೀಯ ಅಮೆರಿಕದ ಬಾರುಗಳಲ್ಲಿದೆ. ಬಾಂಬಿನಲ್ಲಿ ತಮ್ಮವರನ್ನು ಕಳೆದುಕೊಂಡವರ ನಾಡು ಅದು, ತಮಾಷೆಗೂ ಆರ್ಡರ್ ಮಾಡಬೇಡಿ. ‘ನೀವು ನಿಜವಾಗ್ಲೂ ಐರಿಶಾ?’ ಅಂತ ನಾಲ್ಕನೇ ತಲೆಮಾರಿನವರನ್ನು ಕೇಳುವುದೂ ಬೇಡ. ಕನ್ನಡ ಸರಿಯಾಗಿ ಬರದ ನಮ್ಮ ಮಕ್ಕಳಿಗೆ ಬೆಂಗಳೂರಲ್ಲಿ ಯಾರೋ ಹೀಗೇ ಕೇಳಿದಾಗ ಹೇಗಾಗುತ್ತದೆ ಗೊತ್ತಲ್ಲ.

ಬದಲಿಗೆ ಒಂದು ಒಳ್ಳೆ ಮಾತು ಇಟ್ಟುಕೊಂಡಿರಿ. ಮೈಸೂರಿನಲ್ಲಿ ಓದುತ್ತಿದ್ದ ಹುಡುಗ ಕುವೆಂಪು ತಮ್ಮ ಇಂಗ್ಲಿಷ್ ಪದ್ಯಗಳನ್ನು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್‌ಗೆ ತೋರಿಸಿದ್ದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂತ ಬುದ್ಧಿ ಹೇಳಿದವರು ಅವರೇ. ಇದನ್ನು ಹೇಳಿದಾಗ ಆ ಪಿಟೀಲಿನ ಅಜ್ಜ ಕುರ್ಚಿ ನಮ್ಮ ಕಡೆಗೆ ತಿರುಗಿಸಿಕೊಂಡು ಅರ್ಧ ಗಂಟೆ ಮಾತಾಡಿದರು.

ಊಟದ್ದು ಹೇಳಿ ಮುಗಿಸುತ್ತೇನೆ. ಇಲ್ಲಿ ಹಬ್ಬದೂಟ ಅಂದರೆ ಉಪ್ಪು ಹಾಕಿ ಹದ ಮಾಡಿದ ದನದ ಮಾಂಸ ಮತ್ತು ಎಲೆಕೋಸು. ಸಸ್ಯಾಹಾರಿಗಳೇ, ಕೋಸು ತಾನೇ ಅಂತ ಹಾಕಿಸಿಕೊಳ್ಳಬೇಡಿ, ಎರಡೂ ಬೇಯುವುದು ಒಂದೇ ಪಾತ್ರೆಯಲ್ಲಿ. ಮುಖ ಸಿಂಡರಿಸದೆ ‘ಬೇಡ, ಥ್ಯಾಂಕ್ಸ್’ ಅಂದರೆ ಆಯಿತು. ಸೋಡಾ ಬ್ರೆಡ್ ತಿನ್ನಬಹುದು, ಮೊಟ್ಟೆ ಬಿಟ್ಟವರು ಒಂದು ಮಾತು ಕೇಳಿ ತಿನ್ನಿ. ಒಣದ್ರಾಕ್ಷಿ ಹಾಕಿರುತ್ತಾರೆ, ಬೆಣ್ಣೆ ಸವರಿದರೆ ಚೆನ್ನಾಗಿರುತ್ತದೆ. ಪಾಟ್‌ಲಕ್ಕಿಗೆ ಕರೆದರೆ ಚಿತ್ರಾನ್ನ ಒಯ್ಯಿರಿ, ಕಡಲೆಬೀಜ ಇದೆ ಅಂತ ಚೀಟಿ ಅಂಟಿಸಿ. ಹಸಿಮೆಣಸಿನಕಾಯಿ ಎರಡೇ ಸಾಕು.